ಅಮೆರಿಕದಿಂದ ಮರಳಿದವರ 401(ಕೆ): ಈಗಲೇ ತೆಗೆಯುವುದೋ, ಬಿಟ್ಟಿಡುವುದೋ, ಕಂತಿನಲ್ಲಿ ಪಡೆಯುವುದೋ

ಹತ್ತು ಹದಿನೈದು ವರ್ಷ ಅಮೆರಿಕದಲ್ಲಿ ದುಡಿದು ಬೆಂಗಳೂರಿಗೋ ಮೈಸೂರಿಗೋ ಮರಳುವ ಕುಟುಂಬಗಳು ಮನೆ ಸಾಮಾನನ್ನು ಹಡಗಿಗೆ ಹಾಕಿಸುತ್ತವೆ, ಕಾರು ಮಾರುತ್ತವೆ, ಮಕ್ಕಳ ಶಾಲೆಯ ದಾಖಲೆಗಳನ್ನು ಜೋಡಿಸಿಕೊಳ್ಳುತ್ತವೆ. 401(ಕೆ) ಖಾತೆಯನ್ನು, ಅಂದರೆ ಅಲ್ಲಿನ ಕಂಪನಿಯ ಮೂಲಕ ಸಂಬಳದಿಂದ ಕೂಡಿಸಿದ ನಿವೃತ್ತಿ ಉಳಿತಾಯವನ್ನು ಮಾತ್ರ ‘ಆಮೇಲೆ ನೋಡಿದರಾಯಿತು’ ಎಂದು ಇದ್ದಲ್ಲೇ ಬಿಟ್ಟು ಬರುತ್ತವೆ. ಬಿಟ್ಟು ಬರುವುದರಲ್ಲಿ ತಪ್ಪೇನೂ ಇಲ್ಲ. ಅನಿವಾಸಿಯಾಗಿದ್ದಾಗ ಗಳಿಸಿದ ವಿದೇಶಿ ಆಸ್ತಿಯನ್ನು ಮರಳಿದ ಮೇಲೂ ಇಟ್ಟುಕೊಳ್ಳಲು ವಿದೇಶಿ ವಿನಿಮಯದ ಕಾನೂನಾದ ಫೆಮಾ ಕಾಯ್ದೆಯ ಸೆಕ್ಷನ್ 6(4) ಅವಕಾಶ ಕೊಟ್ಟಿದೆ. ಆದರೆ ಆ ‘ಆಮೇಲೆ’ಗೆ ಭಾರತದ ತೆರಿಗೆ ಕಾನೂನಿನಲ್ಲಿ ಒಂದು ಗಡುವಿದೆ, ಮತ್ತು ಅಂಥದ್ದೊಂದು ಗಡುವಿತ್ತು ಎಂಬುದು ಅನೇಕರಿಗೆ ತಿಳಿಯುವುದೇ ಅದು ದಾಟಿಹೋದ ಮೇಲೆ. ಯಾವ ದಾರಿ ಹಿಡಿಯಬೇಕು ಎನ್ನುವ ಪ್ರಶ್ನೆಗೆ ಉತ್ತರ ತೆರಿಗೆಯ ದರಕ್ಕಿಂತ ಹೆಚ್ಚಾಗಿ ದಿನಾಂಕಗಳಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇಲ್ಲಿ ಬರೆದಿರುವುದು ಅಮೆರಿಕದ ಪೌರತ್ವವಾಗಲಿ ಗ್ರೀನ್ ಕಾರ್ಡ್ ಆಗಲಿ ಇಲ್ಲದೆ, ಎಚ್-1ಬಿಯಂಥ ವೀಸಾದಲ್ಲಿ ಕೆಲಸ ಮಾಡಿ ಮರಳಿದವರಿಗಾಗಿ. ಪೌರತ್ವ ಪಡೆದವರು ಎಲ್ಲಿದ್ದರೂ ಪ್ರತಿವರ್ಷ ಅಮೆರಿಕಕ್ಕೆ 1040 ಎಂಬ ತೆರಿಗೆ ರಿಟರ್ನ್ ಸಲ್ಲಿಸಲೇಬೇಕಾಗುತ್ತದೆ, ಹಾಗಾಗಿ ಅವರ ಲೆಕ್ಕ ಬೇರೆ. ಇನ್ನೊಂದು ಮಾತು: ಕೆಳಗೆ ಕೊಟ್ಟಿರುವ ಭಾರತದ ಸೆಕ್ಷನ್ ಮತ್ತು ಫಾರ್ಮ್ ಸಂಖ್ಯೆಗಳು 1961ರ ಆದಾಯ ತೆರಿಗೆ ಕಾಯ್ದೆ ಮತ್ತು ಅದರ ನಿಯಮಗಳವು. 2026ರ ಏಪ್ರಿಲ್ 1ರಿಂದ ಮುಂದಿನ ಆದಾಯಕ್ಕೆ 2025ರ ಹೊಸ ಕಾಯ್ದೆ ಅನ್ವಯಿಸುವುದರಿಂದ ಅದಕ್ಕೆ ಸಂಖ್ಯೆಗಳು ಬೇರೆ. ಫಾರ್ಮ್ ತುಂಬುವ ಮುನ್ನ ಹೊಸ ಸಂಖ್ಯೆಯನ್ನು ನೋಡಿಕೊಳ್ಳುವುದು ಅಗತ್ಯ.

ಮೊದಲು ತಿಳಿಯಬೇಕಾದದ್ದು: ನೀವೀಗ ಯಾವ ಬಗೆಯ ನಿವಾಸಿ

ಭಾರತದ ತೆರಿಗೆ ಕಾನೂನಿನ ಕಣ್ಣಿನಲ್ಲಿ ಮರಳಿದವರು ಒಮ್ಮೆಲೇ ಪೂರ್ಣ ನಿವಾಸಿಗಳಾಗುವುದಿಲ್ಲ. ಅನಿವಾಸಿ ಮತ್ತು ಸಾಮಾನ್ಯ ನಿವಾಸಿಯ ನಡುವೆ ‘ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ’ ಎಂಬ ಒಂದು ಮೆಟ್ಟಿಲಿದೆ. ಆಡಿಟರುಗಳು ಇದನ್ನು ಆರ್‌ಎನ್‌ಒಆರ್ ಎನ್ನುತ್ತಾರೆ. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದವರು, ಅಥವಾ ಹಿಂದಿನ 7 ವರ್ಷಗಳಲ್ಲಿ ಭಾರತದಲ್ಲಿ ಒಟ್ಟು 729 ದಿನ ಅಥವಾ ಅದಕ್ಕಿಂತ ಕಡಿಮೆ ಇದ್ದವರು ಈ ಮೆಟ್ಟಿಲಿನ ಮೇಲೆ ನಿಲ್ಲುತ್ತಾರೆ. ಈ ಅವಧಿಯಲ್ಲಿ ವಿದೇಶದಲ್ಲಿ ಹುಟ್ಟಿ ವಿದೇಶದಲ್ಲೇ ಕೈಸೇರಿದ ಆದಾಯಕ್ಕೆ, ಅದು ಭಾರತದಿಂದ ನಡೆಸುವ ವ್ಯವಹಾರದ್ದಲ್ಲದಿದ್ದರೆ, ಇಲ್ಲಿ ತೆರಿಗೆಯಿಲ್ಲ.

ಒಂದು ಉದಾಹರಣೆ ನೋಡೋಣ. ಹನ್ನೆರಡು ವರ್ಷ ಹೊರಗಿದ್ದು, ರಜೆಗೆಂದು ಮಾತ್ರ ಊರಿಗೆ ಬಂದು ಹೋಗುತ್ತಿದ್ದವರು 2025ರ ಡಿಸೆಂಬರ್‌ನಲ್ಲಿ ಮರಳಿದರೆ, ಆ ಆರ್ಥಿಕ ವರ್ಷದಲ್ಲಿ ಅವರು ಸಾಮಾನ್ಯವಾಗಿ ಅನಿವಾಸಿಯಾಗಿಯೇ ಉಳಿಯುತ್ತಾರೆ. 2026-27 ಮತ್ತು 2027-28 ಆರ್‌ಎನ್‌ಒಆರ್ ವರ್ಷಗಳು. 2028ರ ಏಪ್ರಿಲ್ 1ರಿಂದ ಅವರು ಸಾಮಾನ್ಯ ನಿವಾಸಿ. ಮೂರನೆಯ ಆರ್‌ಎನ್‌ಒಆರ್ ವರ್ಷ ಸಿಗಬಹುದೆಂದು ಕೆಲವರು ಆಸೆಪಡುವುದುಂಟು. ಎರಡು ಪೂರ್ತಿ ವರ್ಷ ಊರಲ್ಲೇ ಇದ್ದರೆ ಕನಿಷ್ಠ 730 ದಿನಗಳಾಗುತ್ತವೆ, ಅಂದರೆ ಅಷ್ಟಕ್ಕೇ ಮಿತಿ ದಾಟಿಹೋಗುತ್ತದೆ. ನಡುವೆ ಹೊರದೇಶದಲ್ಲಿ ಸಾಕಷ್ಟು ದಿನ ಕಳೆದವರಿಗೆ ಮಾತ್ರ ಆ ಮೂರನೆಯ ವರ್ಷ ದಕ್ಕೀತು. ಪಾಸ್‌ಪೋರ್ಟಿನ ಮೊಹರುಗಳನ್ನು ಮುಂದಿಟ್ಟುಕೊಂಡು ಈ ಲೆಕ್ಕವನ್ನು ಮರಳಿದ ಮೊದಲ ತಿಂಗಳಲ್ಲೇ ಹಾಕಿ, ಆ ಕೊನೆಯ ಮಾರ್ಚ್ 31ನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ.

ಮೊದಲ ದಾರಿ: ಆರ್‌ಎನ್‌ಒಆರ್ ಅವಧಿಯಲ್ಲೇ ಪೂರ್ತಿ ತೆಗೆಯುವುದು

ಈ ದಾರಿಯಲ್ಲಿ ಭಾರತದ ತೆರಿಗೆ ಸೊನ್ನೆ, ಅಮೆರಿಕದ ತೆರಿಗೆ ಮಾತ್ರ ಉಳಿಯುತ್ತದೆ. ಆದರೆ ಅಮೆರಿಕದ ತೆರಿಗೆ ಎಂದರೆ ಅಲ್ಲಿ ಕಡಿತವಾಗುವ ಮೊತ್ತವಲ್ಲ ಎಂಬುದನ್ನು ಗಮನಿಸಬೇಕು. ಅಮೆರಿಕದ ಲೆಕ್ಕದಲ್ಲಿ ಅನಿವಾಸಿಗಳಾದ ವಿದೇಶೀಯರಿಗೆ ಹಣ ಕೊಡುವಾಗ ಖಾತೆಯ ಸಂಸ್ಥೆ ಸಾಮಾನ್ಯವಾಗಿ 30% ಹಿಡಿದುಕೊಂಡು, ಮರುವರ್ಷ 1042-ಎಸ್ ಎಂಬ ಪತ್ರ ಕಳುಹಿಸುತ್ತದೆ. ಅಮೆರಿಕದಲ್ಲಿ ಮಾಡಿದ ಕೆಲಸಕ್ಕೆ ಸೇರಿದ ನಿವೃತ್ತಿ ಹಣವನ್ನು ಅಲ್ಲಿನ ಕಾನೂನು ಅಲ್ಲಿನ ದುಡಿಮೆಗೆ ಜೋಡಿಸಿದ ಆದಾಯವೆಂದೇ ಎಣಿಸುವುದರಿಂದ, ಅಂಥ ಅನಿವಾಸಿಗಳಿಗೆಂದಿರುವ 1040-ಎನ್‌ಆರ್ ರಿಟರ್ನ್ ಸಲ್ಲಿಸಿ ಮಾಮೂಲಿ ಹಂತದ ದರಗಳಲ್ಲಿ ತೆರಿಗೆ ಲೆಕ್ಕ ಹಾಕಿಸಿಕೊಂಡು ಹೆಚ್ಚುವರಿ ಕಡಿತವನ್ನು ವಾಪಸ್ ಪಡೆಯಬಹುದು. ಅನಿವಾಸಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುವುದಿಲ್ಲ. ಭಾರತದಿಂದ ಹೋದ ವಿದ್ಯಾರ್ಥಿಗಳಿಗೆ ಒಪ್ಪಂದದಲ್ಲಿ ಆ ಸೌಲಭ್ಯವಿದೆ, ಮರಳಿ ಬಂದ ನೌಕರರಿಗಿಲ್ಲ. ಇದಲ್ಲದೆ ವಯಸ್ಸು ಐವತ್ತೊಂಬತ್ತೂವರೆ ತುಂಬಿರದಿದ್ದರೆ 10% ಹೆಚ್ಚುವರಿ ತೆರಿಗೆ ಬೀಳುತ್ತದೆ. 55 ತುಂಬುವ ವರ್ಷದಲ್ಲಿ ಅಥವಾ ಅದರ ನಂತರ ಆ ಕೆಲಸ ಬಿಟ್ಟವರಿಗೆ 401(ಕೆ)ಯಲ್ಲಿ ಇದರಿಂದ ವಿನಾಯಿತಿಯಿದೆ. ಅದೇ ಹಣವನ್ನು ವೈಯಕ್ತಿಕ ನಿವೃತ್ತಿ ಖಾತೆಯಾದ ಐಆರ್‌ಎ ಖಾತೆಗೆ ವರ್ಗಾಯಿಸಿಬಿಟ್ಟರೆ ಆ ವಿನಾಯಿತಿ ಕೈತಪ್ಪುತ್ತದೆ.

ಲೆಕ್ಕ ಹೀಗೆ ಬರುತ್ತದೆ. ನಲವತ್ತೈದು ವಯಸ್ಸಿನವರೊಬ್ಬರ ಖಾತೆಯಲ್ಲಿ 1,00,000 ಡಾಲರ್ ಇದೆ, ಆ ವರ್ಷ ಅಮೆರಿಕದಲ್ಲಿ ಅವರಿಗೆ ಬೇರೆ ಆದಾಯವಿಲ್ಲ ಎಂದುಕೊಳ್ಳೋಣ. ಎಲ್ಲವನ್ನೂ ಒಂದೇ ಕ್ಯಾಲೆಂಡರ್ ವರ್ಷದಲ್ಲಿ ತೆಗೆದರೆ, 2025ರ ಒಂಟಿ ತೆರಿಗೆದಾರರ ದರಗಳಂತೆ ತೆರಿಗೆ ಸುಮಾರು 16,914 ಡಾಲರ್, ಅದರ ಮೇಲೆ 10,000 ಡಾಲರ್ ಹೆಚ್ಚುವರಿ, ಒಟ್ಟು 26,914. ಅದೇ ದರಗಳಲ್ಲಿ ಎರಡು ಕ್ಯಾಲೆಂಡರ್ ವರ್ಷಗಳಿಗೆ 50,000ದಂತೆ ಹಂಚಿದರೆ ವರ್ಷಕ್ಕೆ 5,914ರಂತೆ 11,828, ಹೆಚ್ಚುವರಿ ಸೇರಿ 21,828. ಅಂದರೆ ಐದು ಸಾವಿರ ಡಾಲರ್‌ಗೂ ಮಿಕ್ಕಿದ ಉಳಿತಾಯ. ಇದಕ್ಕಾಗಿ ವರ್ಷಗಟ್ಟಲೆ ಕಾಯಬೇಕಾಗಿಯೂ ಇಲ್ಲ: ಅಮೆರಿಕದ ತೆರಿಗೆ ವರ್ಷ ಡಿಸೆಂಬರ್‌ಗೆ ಮುಗಿಯುತ್ತದೆ, ನಮ್ಮದು ಮಾರ್ಚ್‌ಗೆ. ಅರ್ಧ ಮೊತ್ತವನ್ನು ಡಿಸೆಂಬರ್‌ನಲ್ಲಿ, ಉಳಿದರ್ಧವನ್ನು ಜನವರಿಯಲ್ಲಿ ತೆಗೆದರೆ ಭಾರತದ ಲೆಕ್ಕದಲ್ಲಿ ಎರಡೂ ಒಂದೇ ಆರ್‌ಎನ್‌ಒಆರ್ ವರ್ಷದೊಳಗೆ ಬೀಳುತ್ತವೆ, ಅಮೆರಿಕದ ಲೆಕ್ಕದಲ್ಲಿ ಎರಡು ಬೇರೆ ಬೇರೆ ವರ್ಷಗಳಾಗುತ್ತವೆ. ಇದೇ ಕಾರಣಕ್ಕೆ ಅಮೆರಿಕ ಬಿಡುವ ವರ್ಷದಲ್ಲೇ ಹಣ ತೆಗೆಯುವುದು ನಷ್ಟದ ಬಾಬತ್ತು, ಏಕೆಂದರೆ ಆ ವರ್ಷದ ಸಂಬಳದ ಮೇಲೆ ಈ ಮೊತ್ತವೂ ಬಂದು ಕೂತು ಮೇಲಿನ ಹಂತದ ದರ ಮುಟ್ಟುತ್ತದೆ. ಕ್ಯಾಲಿಫೋರ್ನಿಯಾದಂಥ ರಾಜ್ಯದಲ್ಲಿದ್ದವರಿಗೆ ಮತ್ತೊಂದು ಅನುಕೂಲವೂ ಇದೆ: ರಾಜ್ಯ ಬಿಟ್ಟುಹೋದವರ ನಿವೃತ್ತಿ ಆದಾಯಕ್ಕೆ ಆ ರಾಜ್ಯಗಳು ತೆರಿಗೆ ಹಾಕುವಂತಿಲ್ಲವೆಂದು 1996ರಲ್ಲೇ ಅಲ್ಲಿನ ಒಕ್ಕೂಟ ಸರ್ಕಾರ ಕಾನೂನು ಮಾಡಿದೆ.

ಈ ದಾರಿಯಲ್ಲಿ ಒಂದು ಗುಂಡಿ ಇದೆ, ಅದರಲ್ಲಿ ಬೀಳುವುದು ಬಹಳ ಸುಲಭ. ಆರ್‌ಎನ್‌ಒಆರ್‌ಗೆ ವಿನಾಯಿತಿ ಇರುವುದು ಭಾರತದ ಹೊರಗೆ ಕೈಸೇರಿದ ಆದಾಯಕ್ಕೆ. ಹಣವನ್ನು ನೇರವಾಗಿ ಜಯನಗರದ ಬ್ಯಾಂಕ್ ಖಾತೆಗೆ ಕಳುಹಿಸಿರೆಂದು ಫಾರ್ಮಿನಲ್ಲಿ ಬರೆದರೆ, ‘ಭಾರತದಲ್ಲಿ ಸ್ವೀಕರಿಸಿದ ಆದಾಯ’ ಎಂದು ಸೆಕ್ಷನ್ 5ರಡಿ ಇಲ್ಲಿಯೂ ತೆರಿಗೆ ಕೇಳಲು ದಾರಿಯಾಗುತ್ತದೆ. ಮೊದಲು ಅಮೆರಿಕದ ಬ್ಯಾಂಕ್ ಖಾತೆಗೆ ಬರಲಿ, ಅಲ್ಲಿಂದ ಆಮೇಲೆ ಇಲ್ಲಿಗೆ ವರ್ಗವಾಗಲಿ. ಆದ್ದರಿಂದ ಅಲ್ಲಿನ ಒಂದು ಬ್ಯಾಂಕ್ ಖಾತೆಯನ್ನು ಈ ಕೆಲಸ ಮುಗಿಯುವವರೆಗೆ ಮುಚ್ಚಬಾರದು. ಡಾಲರ್‌ನಲ್ಲೇ ಉಳಿಸಿಕೊಳ್ಳುವ ಇಚ್ಛೆಯಿದ್ದವರು, ಮರಳಿದವರ ವಿದೇಶಿ ಹಣಕ್ಕೆಂದೇ ಇರುವ ಇಲ್ಲಿನ ಆರ್‌ಎಫ್‌ಸಿ ಖಾತೆಗೆ ಹಾಕಬಹುದು; ಆರ್‌ಎನ್‌ಒಆರ್ ಆಗಿರುವಷ್ಟು ಕಾಲ ಅದರ ಬಡ್ಡಿಗೂ ತೆರಿಗೆಯಿಲ್ಲ.

ಎರಡನೆಯ ದಾರಿ: ಫಾರ್ಮ್ 10-ಇಇ ಸಲ್ಲಿಸಿ ಖಾತೆಯನ್ನು ಬೆಳೆಯಲು ಬಿಡುವುದು

ಸಾಮಾನ್ಯ ನಿವಾಸಿಯಾದ ಮೇಲೆ ಜಗತ್ತಿನ ಯಾವ ಮೂಲೆಯ ಆದಾಯಕ್ಕೂ ಭಾರತದಲ್ಲಿ ತೆರಿಗೆಯಿದೆ. 401(ಕೆ)ಯೊಳಗೆ ಪ್ರತಿವರ್ಷ ಸೇರುವ ಡಿವಿಡೆಂಡು, ಬಡ್ಡಿ, ಲಾಭಗಳಿಗೆ ಅಮೆರಿಕ ತೆಗೆಯುವಾಗ ಮಾತ್ರ ತೆರಿಗೆ ಹಾಕುತ್ತದೆ, ಭಾರತವಾದರೋ ಸೇರಿದ ವರ್ಷವೇ ಕೇಳುತ್ತದೆ. ಇಪ್ಪತ್ತು ವರ್ಷದ ನಂತರ ಅಮೆರಿಕ ತೆರಿಗೆ ಹಿಡಿದಾಗ, ಇಲ್ಲಿ ಎಂದೋ ಕಟ್ಟಿದ್ದಕ್ಕೆ ಅದನ್ನು ಹೊಂದಿಸಿಕೊಳ್ಳಲು ವರ್ಷಗಳೇ ತಾಳೆಯಾಗುವುದಿಲ್ಲ. ಈ ಅನ್ಯಾಯವನ್ನು ಸರಿಪಡಿಸಲೆಂದೇ 2021ರ ಹಣಕಾಸು ಕಾಯ್ದೆ ಸೆಕ್ಷನ್ 89ಎ ಸೇರಿಸಿತು. 2022ರ ಏಪ್ರಿಲ್‌ನಲ್ಲಿ ನಿಯಮ 21ಎಎಎ ಮತ್ತು ಫಾರ್ಮ್ 10-ಇಇ ಬಂದವು. ಅಮೆರಿಕ, ಕೆನಡಾ, ಬ್ರಿಟನ್ ಈ ಮೂರು ದೇಶಗಳನ್ನು ಅಧಿಸೂಚಿಸಲಾಯಿತು.

ಈ ಆಯ್ಕೆ ಮಾಡಿಕೊಂಡರೆ, ಖಾತೆಯೊಳಗಿನ ಬೆಳವಣಿಗೆಗೆ ಭಾರತವೂ ಅಮೆರಿಕದಂತೆಯೇ ತೆಗೆಯುವ ವರ್ಷದಲ್ಲಿ ಮಾತ್ರ ತೆರಿಗೆ ಹಾಕುತ್ತದೆ. ಅದಕ್ಕಿಂತ ದೊಡ್ಡ ಪ್ರಯೋಜನ ನಿಯಮದ ಎರಡನೆಯ ಭಾಗದಲ್ಲಿದೆ, ಅದನ್ನು ಎಷ್ಟೋ ಜನ ಓದಿಯೇ ಇರುವುದಿಲ್ಲ. ನೀವು ಅನಿವಾಸಿಯೋ ಆರ್‌ಎನ್‌ಒಆರ್ ಆಗಿಯೋ ಇದ್ದ ವರ್ಷಗಳಲ್ಲಿ ಸೇರಿದ ಆದಾಯ, ಆಗ ಇಲ್ಲಿ ತೆರಿಗೆಗೆ ಒಳಪಡದೆ ಇದ್ದದ್ದು, ತೆಗೆಯುವಾಗಲೂ ಒಳಪಡುವುದಿಲ್ಲ. ಹಾಗಾಗಿ ಭಾರತದ ತೆರಿಗೆ ಸಾಮಾನ್ಯ ನಿವಾಸಿಯಾದ ಮೇಲಿನ ಬೆಳವಣಿಗೆಗೆ ಸೀಮಿತ. ಆದರೆ ಹಾಗೆ ಹೊರಗುಳಿದ ಭಾಗದ ಮೇಲೆ ಅಮೆರಿಕದಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿ ಕ್ರೆಡಿಟ್ ಆಗಿ, ಅಂದರೆ ಇಲ್ಲಿನ ತೆರಿಗೆಯಲ್ಲಿ ಕಳೆದುಕೊಡಿ ಎಂದು, ಕೇಳುವಂತಿಲ್ಲ ಎಂದೂ ಅದೇ ನಿಯಮ ಹೇಳುತ್ತದೆ, ಮತ್ತು ಅದು ನ್ಯಾಯವೇ.

ಈ ಎರಡು ಭಾಗಗಳನ್ನು ಬೇರ್ಪಡಿಸಲು ಬೇಕಾದ ಕಾಗದ ಒಂದೇ ಒಂದು. ಅಮೆರಿಕದ ಖಾತೆಗಳ ತ್ರೈಮಾಸಿಕ ವಿವರಪಟ್ಟಿಯಲ್ಲಿ ಮೊದಲನೆಯದು ಮಾರ್ಚ್ 31ಕ್ಕೆ ಮುಗಿಯುತ್ತದೆ, ಮತ್ತು ನಮ್ಮ ಆರ್ಥಿಕ ವರ್ಷವೂ ಅದೇ ದಿನ ಮುಗಿಯುತ್ತದೆ. ನಿಮ್ಮ ಕೊನೆಯ ಆರ್‌ಎನ್‌ಒಆರ್ ವರ್ಷದ ಮಾರ್ಚ್ 31ರ ಆ ಒಂದು ಪುಟವನ್ನು ಡೌನ್‌ಲೋಡ್ ಮಾಡಿ, ಮುದ್ರಿಸಿ, ಮನೆಯ ಕ್ರಯಪತ್ರವನ್ನಿಡುವ ಕಪಾಟಿನಲ್ಲಿಡಿ. ಇಪ್ಪತ್ತು ವರ್ಷದ ನಂತರ ಆ ಸಂಸ್ಥೆಯ ಹೆಸರು, ಮಾಲೀಕತ್ವ, ಜಾಲತಾಣ ಯಾವುದೂ ಹೀಗೆಯೇ ಇರುತ್ತದೆಂದು ನಂಬುವಂತಿಲ್ಲ.

ಶರತ್ತುಗಳು ಬಿಗಿಯಾಗಿವೆ. ರಿಟರ್ನ್ ಸಲ್ಲಿಕೆಯ ಮೂಲ ಗಡುವಿನೊಳಗೆ, ಅಂದರೆ ಸಾಮಾನ್ಯವಾಗಿ ಜುಲೈ 31ರೊಳಗೆ, ಫಾರ್ಮ್ ಆನ್‌ಲೈನಿನಲ್ಲಿ ಸಲ್ಲಿಕೆಯಾಗಬೇಕು. ಇರುವ ಎಲ್ಲ ಖಾತೆಗಳಿಗೂ ಸೇರಿಸಿ ಆಯ್ಕೆ ಮಾಡಬೇಕು, ಒಂದನ್ನು ಬಿಟ್ಟು ಒಂದನ್ನು ಎತ್ತಿಕೊಳ್ಳುವಂತಿಲ್ಲ. ಒಮ್ಮೆ ಆಯ್ದ ಮೇಲೆ ಹಿಂದೆಗೆಯುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಆಯ್ಕೆ ಮಾಡಿದ ಮೇಲೆ ನೀವು ಮತ್ತೆ ಅನಿವಾಸಿಯಾದರೆ ಆ ಆಯ್ಕೆ ಇರಲೇ ಇಲ್ಲವೆಂದು ಭಾವಿಸಿ, ನಡುವಿನ ವರ್ಷಗಳಲ್ಲಿ ಸೇರಿದ್ದಕ್ಕೆಲ್ಲ ತೆರಿಗೆ ಕೇಳಲಾಗುತ್ತದೆ. ಮಕ್ಕಳ ಕಾಲೇಜಿನ ಹೊತ್ತಿಗೆ ಮತ್ತೆ ಹೊರಡುವ ಯೋಚನೆಯಿರುವ ಕುಟುಂಬಗಳು ಈ ಮಾತನ್ನು ಎರಡು ಸಲ ಓದಬೇಕು.

ಫಾರ್ಮನ್ನೂ ಸಲ್ಲಿಸದೆ, ವಾರ್ಷಿಕ ಬೆಳವಣಿಗೆಯನ್ನೂ ತೋರಿಸದೆ ಸುಮ್ಮನಿರುವುದು ಒಂದು ಆಯ್ಕೆಯೇ ಅಲ್ಲ. ಪ್ರತಿವರ್ಷ ತೋರಿಸಿ ತೆರಿಗೆ ಕಟ್ಟುತ್ತ ಹೋಗುವುದು ಕಾನೂನುಬದ್ಧವೇ, ಆದರೆ ಮುಟ್ಟಲಾಗದ ಹಣಕ್ಕೆ ಸಂಬಳದಿಂದ ತೆರಿಗೆ ಕಟ್ಟಿದಂತಾಗುತ್ತದೆ.

ತೆರಿಗೆ ಕಟ್ಟಿ ಉಳಿದ ಹಣವನ್ನು ಹಾಕುವ ರಾಥ್ ಖಾತೆಯವರ ಸ್ಥಿತಿ ಬೇರೆ. ಅಮೆರಿಕವು ತೆಗೆಯುವಾಗ ತೆರಿಗೆ ಹಾಕುವ ಖಾತೆಗೆ ಮಾತ್ರ 89ಎ ಅನ್ವಯಿಸುತ್ತದೆ. ರಾಥ್‌ನ ಅರ್ಹ ಹಿಂಪಡೆತಕ್ಕೆ ಅಲ್ಲಿ ತೆರಿಗೆಯೇ ಇಲ್ಲ. ಹಾಗಾಗಿ ಕಾನೂನಿನ ಪದಗಳನ್ನು ಇದ್ದಂತೆ ಓದಿದರೆ ರಾಥ್‌ಗೆ ಈ ರಕ್ಷಣೆ ಸಿಗುವುದಿಲ್ಲ. ಆರ್‌ಎನ್‌ಒಆರ್ ವರ್ಷಗಳಲ್ಲಿ ಸಾಂಪ್ರದಾಯಿಕ ಖಾತೆಯನ್ನು ರಾಥ್‌ಗೆ ಬದಲಿಸಿಕೊಳ್ಳಿ ಎಂಬ ಸಲಹೆ ಹರಿದಾಡುತ್ತಿದೆ. ಭಾರತದಲ್ಲೇ ನೆಲೆಸುವವರಿಗೆ ನಾನು ಅದನ್ನು ಹೇಳಲಾರೆ.

ಮೂರನೆಯ ದಾರಿ: ನಿವೃತ್ತಿಯ ನಂತರ ನಿಗದಿತ ಕಂತುಗಳಲ್ಲಿ ಪಡೆಯುವುದು

ಭಾರತ ಮತ್ತು ಅಮೆರಿಕಗಳ ನಡುವೆ 1989ರ ಸೆಪ್ಟೆಂಬರ್ 12ರಂದು ಸಹಿಯಾದ ದ್ವಿತೆರಿಗೆ ತಪ್ಪಿಸುವ ಒಪ್ಪಂದದ 20ನೆಯ ವಿಧಿಯ ಪ್ರಕಾರ, ಖಾಸಗಿ ಪಿಂಚಣಿಗೆ ತೆರಿಗೆ ಹಾಕುವ ಹಕ್ಕು ಪಿಂಚಣಿದಾರ ವಾಸಿಸುವ ದೇಶಕ್ಕೆ ಮಾತ್ರ. ಅಮೆರಿಕ ಸರ್ಕಾರದ ಸೋಷಿಯಲ್ ಸೆಕ್ಯುರಿಟಿ ಪಿಂಚಣಿ ಇದಕ್ಕೆ ತದ್ವಿರುದ್ಧ: ಅದನ್ನು ಪಾವತಿಸುವ ದೇಶದಲ್ಲಿ, ಅಂದರೆ ಅಮೆರಿಕದಲ್ಲಿ ಮಾತ್ರ ಅದಕ್ಕೆ ತೆರಿಗೆ. ಪಿಂಚಣಿ ಎಂದರೆ ಹಿಂದೆ ಮಾಡಿದ ಸೇವೆಗಾಗಿ ನಿಯತಕಾಲಿಕವಾಗಿ ಬರುವ ಪಾವತಿ ಎಂದು ಒಪ್ಪಂದವೇ ಹೇಳಿದೆ. ಆ ‘ನಿಯತಕಾಲಿಕ’ ಎಂಬ ಒಂದು ಪದದಲ್ಲಿ ಎಲ್ಲವೂ ಅಡಗಿದೆ. ಒಂದೇ ಸಲ ಪೂರ್ತಿ ತೆಗೆದ ಮೊತ್ತ ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ಬೇಕೆನಿಸಿದಾಗ ಒಂದಿಷ್ಟು ತೆಗೆಯುವುದೂ ಅದರೊಳಗೆ ಸಲೀಸಾಗಿ ಕೂರುವುದಿಲ್ಲ. ಸಂಸ್ಥೆಯೊಂದಿಗೆ ಲಿಖಿತವಾಗಿ ನಿಗದಿಪಡಿಸಿಕೊಂಡ ಮಾಸಿಕ ಅಥವಾ ತ್ರೈಮಾಸಿಕ ಕಂತು ಅದಕ್ಕೆ ಹತ್ತಿರ.

ಕಂತು ಶುರುವಾಗುವ ಮುನ್ನವೇ ಡಬ್ಲ್ಯು-8ಬಿಇಎನ್ ಫಾರ್ಮಿನಲ್ಲಿ ಭಾರತದ ನಿವಾಸಿಯೆಂದೂ 20ನೆಯ ವಿಧಿಯ ಲಾಭ ಕೇಳುತ್ತಿರುವಿರೆಂದೂ ನಮೂದಿಸಿ ಸಂಸ್ಥೆಗೆ ಕೊಡಬೇಕು. ‘ಅಲ್ಲಿ 30% ಹಿಡಿದುಕೊಳ್ಳಲಿ, ಇಲ್ಲಿ ಫಾರ್ಮ್ 67ರಲ್ಲಿ ಕ್ರೆಡಿಟ್ ಪಡೆದರಾಯಿತು’ ಎಂಬ ಧೋರಣೆ ಇಲ್ಲಿ ನಡೆಯುವುದಿಲ್ಲ. ಒಪ್ಪಂದದ ಪ್ರಕಾರ ಕಟ್ಟಬೇಕಾದದ್ದಕ್ಕಿಂತ ಹೆಚ್ಚಾಗಿ ಹೊರದೇಶದಲ್ಲಿ ಕಟ್ಟಿದ ತೆರಿಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದೆಂದು ನಿಯಮ 128 ಸ್ಪಷ್ಟವಾಗಿ ಹೇಳುತ್ತದೆ. ಅಲ್ಲಿ ಕಟ್ಟುವ ಅಗತ್ಯವೇ ಇರದ ತೆರಿಗೆಗೆ ಇಲ್ಲಿ ಕ್ರೆಡಿಟ್ ಸಿಗದು, ಅದನ್ನು ಅಮೆರಿಕದಿಂದಲೇ ವಾಪಸ್ ಕೇಳಬೇಕಾಗುತ್ತದೆ. ಅದೇ ರೀತಿ ಬಡ್ಡಿ, ಶುಲ್ಕ, ದಂಡಗಳಿಗೂ ಕ್ರೆಡಿಟ್ ಇಲ್ಲ. ಅವಧಿಗೆ ಮುನ್ನ ತೆಗೆದದ್ದಕ್ಕೆ ಬೀಳುವ 10%ಗೆ ಇಲ್ಲಿ ಕ್ರೆಡಿಟ್ ಸಿಕ್ಕೀತೆಂದು ನಾನಂತೂ ಲೆಕ್ಕ ಹಾಕುವುದಿಲ್ಲ.

ಈ ದಾರಿ ಎರಡನೆಯ ದಾರಿಯ ಮುಂದುವರಿಕೆಯೇ ಹೊರತು ಅದಕ್ಕೆ ಪರ್ಯಾಯವಲ್ಲ. ನಡುವಿನ ವರ್ಷಗಳಿಗೆ 10-ಇಇ ಬೇಕೇಬೇಕು. 73 ವರ್ಷದಿಂದ ಪ್ರತಿವರ್ಷ ಕನಿಷ್ಠ ಮೊತ್ತ ತೆಗೆಯಲೇಬೇಕೆಂಬ ಅಮೆರಿಕದ ಕಡ್ಡಾಯವನ್ನೂ (2033ರಿಂದ ಈ ವಯಸ್ಸು 75 ಆಗುತ್ತದೆ) ಕಂತು ನಿಗದಿಪಡಿಸುವಾಗ ನೆನಪಿಡಬೇಕು.

ರಿಟರ್ನ್‌ನಲ್ಲಿ ತೋರಿಸುವ ಬಗೆ

ಆರ್‌ಎನ್‌ಒಆರ್ ಆಗಿರುವವರು ವಿದೇಶಿ ಆಸ್ತಿಯ ಷೆಡ್ಯೂಲ್ ಎಫ್‌ಎ ತುಂಬಬೇಕಾಗಿಲ್ಲ. ಸಾಮಾನ್ಯ ನಿವಾಸಿಯಾದ ವರ್ಷದಿಂದ, ಒಂದು ಡಾಲರ್ ತೆಗೆಯದಿದ್ದರೂ, 401(ಕೆ), ಐಆರ್‌ಎ, ಅಲ್ಲಿನ ಬ್ಯಾಂಕ್ ಖಾತೆ ಎಲ್ಲವನ್ನೂ ಅದರಲ್ಲಿ ತೋರಿಸಬೇಕು. ಬೇರೆಲ್ಲ ಷೆಡ್ಯೂಲುಗಳು ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಲೆಕ್ಕವಾದರೆ, ಇದು ಮಾತ್ರ ಡಿಸೆಂಬರ್ 31ಕ್ಕೆ ಮುಗಿಯುವ ಕ್ಯಾಲೆಂಡರ್ ವರ್ಷದ್ದು. ತಪ್ಪುವುದು ಹೆಚ್ಚಾಗಿ ಇಲ್ಲಿಯೇ. ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ವಿಧಿಸಬಹುದು. ಸ್ಥಿರಾಸ್ತಿ ಬಿಟ್ಟು ಉಳಿದ ಆಸ್ತಿಗಳ ಒಟ್ಟು ಮೌಲ್ಯ 20 ಲಕ್ಷ ಮೀರದಿದ್ದರೆ ಆ ದಂಡವಿಲ್ಲವೆಂದು 2024ರ ಅಕ್ಟೋಬರ್ 1ರಿಂದ ಸಡಿಲಿಸಲಾಗಿದೆ, ಆದರೆ ತೋರಿಸುವ ಹೊಣೆ ಹಾಗೆಯೇ ಇದೆ.

ಐಟಿಆರ್-1 ಇವರಿಗೆ ಸಲ್ಲದು. ವ್ಯಾಪಾರ ವೃತ್ತಿ ಆದಾಯ ಇಲ್ಲದವರಿಗೆ ಐಟಿಆರ್-2. ಅದರಲ್ಲಿ 89ಎಗೆಂದೇ ಪ್ರತ್ಯೇಕ ಸಾಲುಗಳಿವೆ: ಆದಾಯವನ್ನು ಮೊದಲು ತೋರಿಸಿ, ಪರಿಹಾರ ಕೋರುವ ಮೊತ್ತವನ್ನು ಅಲ್ಲೇ ಕಳೆಯಬೇಕು. ಹಣ ತೆಗೆದ ವರ್ಷದಲ್ಲಿ ವಿದೇಶಿ ಆದಾಯದ ಷೆಡ್ಯೂಲ್ ಎಫ್‌ಎಸ್‌ಐ, ತೆರಿಗೆ ಪರಿಹಾರದ ಷೆಡ್ಯೂಲ್ ಟಿಆರ್ ಮತ್ತು ಫಾರ್ಮ್ 67 ಒಂದಕ್ಕೊಂದು ತಾಳೆಯಾಗಬೇಕು. ಫಾರ್ಮ್ 67 ಸಲ್ಲಿಸಲು ಅಸೆಸ್‌ಮೆಂಟ್ ವರ್ಷದ ಕೊನೆಯವರೆಗೆ ಅವಕಾಶವಿದೆ, 10-ಇಇಗೆ ಆ ಔದಾರ್ಯವಿಲ್ಲ. ಡಾಲರನ್ನು ರೂಪಾಯಿಗೆ ತಿರುಗಿಸುವುದು ಸ್ಟೇಟ್ ಬ್ಯಾಂಕಿನ ಟಿಟಿ ಖರೀದಿ ದರದಲ್ಲಿ, ಗೂಗಲ್ ತೋರಿಸುವ ದರದಲ್ಲಲ್ಲ.

ನನ್ನ ಭಾವನವರು ಹಣ ತೆಗೆದಾಗ ಆದದ್ದನ್ನು ಇಲ್ಲಿ ಹೇಳಬೇಕು. ಖಾತೆಯ ಸಂಸ್ಥೆಯಲ್ಲಿ ಅವರ ಹಳೆಯ ನ್ಯೂಜೆರ್ಸಿ ವಿಳಾಸವೇ ಉಳಿದಿತ್ತು, ಡಬ್ಲ್ಯು-8ಬಿಇಎನ್ ಕೊಟ್ಟಿರಲಿಲ್ಲ. ಸಂಸ್ಥೆ ಅವರನ್ನು ಅಮೆರಿಕದ ನಿವಾಸಿಯೆಂದೇ ಎಣಿಸಿ, 30%ರ ಬದಲು ಅಲ್ಲಿಯವರಿಗೆ ಹಿಡಿಯುವ 20% ಹಿಡಿದು, 1042-ಎಸ್‌ನ ಬದಲು ಅಲ್ಲಿನ ನಿವಾಸಿಗಳಿಗೆ ಕೊಡುವ 1099-ಆರ್ ಕಳುಹಿಸಿತು, ಅದೂ ಹಳೆಯ ವಿಳಾಸಕ್ಕೆ. ಆ ಮನೆಯ ಹೊಸ ಬಾಡಿಗೆದಾರರು ಲಕೋಟೆಯ ಫೋಟೊ ತೆಗೆದು ಕಳುಹಿಸದಿದ್ದರೆ ಅದು ಬಂದಿರುವುದೇ ತಿಳಿಯುತ್ತಿರಲಿಲ್ಲ. ಅದನ್ನು ಇಟ್ಟುಕೊಂಡು 1040-ಎನ್‌ಆರ್ ಸಲ್ಲಿಸಿ ಎಲ್ಲವನ್ನೂ ಸರಿಪಡಿಸುವಷ್ಟರಲ್ಲಿ ಒಂದೂವರೆ ವರ್ಷ ಕಳೆಯಿತು. ವಿಮಾನ ಹತ್ತುವ ಮೊದಲೇ ವಿಳಾಸ, ಇಮೇಲ್, ಮೊಬೈಲ್ ಸಂಖ್ಯೆ ಮೂರನ್ನೂ ಬದಲಿಸಿ. ಓಟಿಪಿ ಹಳೆಯ ಅಮೆರಿಕದ ಸಂಖ್ಯೆಗೆ ಹೋಗುತ್ತಿದ್ದರೆ ಖಾತೆಯ ಬಾಗಿಲು ಮುಚ್ಚಿದಂತೆಯೇ.

ಯಾರಿಗೆ ಯಾವುದು

ಮೊತ್ತ ಐವತ್ತು ಅರವತ್ತು ಸಾವಿರ ಡಾಲರ್‌ನ ಆಸುಪಾಸಿನಲ್ಲಿದ್ದು, ವಯಸ್ಸು ನಲವತ್ತರ ಒಳಗಿದ್ದು, ಇಲ್ಲೇ ಇರುವ ನಿರ್ಧಾರ ಗಟ್ಟಿಯಾಗಿದ್ದರೆ, 10% ಕಳೆದುಕೊಂಡರೂ ಆರ್‌ಎನ್‌ಒಆರ್ ಅವಧಿಯಲ್ಲೇ ಎರಡು ಕ್ಯಾಲೆಂಡರ್ ವರ್ಷಗಳಿಗೆ ಹಂಚಿ ತೆಗೆಯುವುದನ್ನು ನಾನು ಆರಿಸುತ್ತೇನೆ. ಇಪ್ಪತ್ತು ವರ್ಷ ಎರಡು ದೇಶಗಳ ಫಾರ್ಮುಗಳನ್ನು ತಾಳೆ ಹಾಕುತ್ತ ಕೂರುವ ಶ್ರಮಕ್ಕೂ ಬೆಲೆಯಿದೆ. ಮೊತ್ತ ದೊಡ್ಡದಾಗಿದ್ದು ಐವತ್ತು ದಾಟಿದ್ದರೆ ಒಂದು ಸಲಕ್ಕೆ ತೆಗೆಯುವುದು ದುಬಾರಿ. ಅವರಿಗೆ 10-ಇಇ, ಐವತ್ತೊಂಬತ್ತೂವರೆಯ ನಂತರ ಕಂತು. ಮತ್ತೆ ಹೊರಡುವ ಸಾಧ್ಯತೆಯಿರುವವರಿಗೆ ಯಾವ ದಾರಿಯೂ ಹಗುರವಲ್ಲ. ಹಾಗಿದ್ದೂ 10-ಇಇ ಆರಿಸುವವರು ಪ್ರತಿವರ್ಷ ಕಟ್ಟಬೇಕಾಗಿದ್ದ ತೆರಿಗೆಯಷ್ಟು ಹಣವನ್ನು ಬೇರೆ ತೆಗೆದಿಡಬೇಕು.

ಬಿಟ್ಟಿಡುವವರು ಮನೆಯವರೊಂದಿಗೆ ಕೂತು ಮಾತನಾಡಲೇಬೇಕಾದ ಒಂದು ವಿಷಯವಿದೆ. ಅಮೆರಿಕದ ನಿವಾಸಿಯಲ್ಲದವರು ತೀರಿಕೊಂಡಾಗ ಅಲ್ಲಿನ ಆಸ್ತಿ 60,000 ಡಾಲರ್ ಮೀರಿದ್ದರೆ ಮೀರಿದ ಭಾಗಕ್ಕೆ ಉತ್ತರಾಧಿಕಾರದ ತೆರಿಗೆ ಬೀಳುತ್ತದೆ, ಗರಿಷ್ಠ ದರ 40%. ಈ ತೆರಿಗೆಯ ವಿಷಯದಲ್ಲಿ ಭಾರತಕ್ಕೂ ಅಮೆರಿಕಕ್ಕೂ ಒಪ್ಪಂದವಿಲ್ಲ. ಖಾತೆಯಲ್ಲಿ ನಾಮಿನಿಯ ಹೆಸರು ಸರಿಯಾಗಿದೆಯೇ, ಪತ್ನಿ ಅಥವಾ ಪತಿಗೆ ಖಾತೆಯ ಸಂಖ್ಯೆ ಗೊತ್ತಿದೆಯೇ, ಮಾರ್ಚ್ 31ರ ಆ ಪುಟ ಯಾವ ಕಪಾಟಿನಲ್ಲಿದೆ ಎಂಬುದು ಗೊತ್ತಿದೆಯೇ ಎಂದು ಇವತ್ತೇ ಕೇಳಿ ನೋಡಿ.